ಎರಡನೇ ಲ್ಯಾಂಪಿಗೆ ನೀರು ಹೋಗದ ದಿನಗಳು

ಇದು ಎರಡು ವರ್ಷದ ಹಿಂದಿನ ಮಾತು. ಆಗ ನಾನು ವಡಾಲದ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನ ಗಾಲಾದಲ್ಲಿ ಕೆಲಸಕ್ಕಿದ್ದೆ. ಗಾಲಾ ಎಂದರೆ ಮುಂಬಯಿಯಲ್ಲಿ ಸಣ್ಣ ಕಾರ್ಖಾನೆಗಳು ಬಾಡಿಗೆಗೆ ಹಿಡಿಯುವ ದೊಡ್ಡ ಕೋಣೆ, ಮುಂದೆ ಒಂದು ಶಟರ್. ನಮ್ಮದು ಪ್ರಿಂಟಿಂಗ್ ಗಾಲಾ. ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಹೆಲ್ಪರ್ ಎಂದು ಬರೆದಿತ್ತು. ಅರವತ್ಮೂರು ವರ್ಷದ ಹೆಲ್ಪರ್.

ನಾನು ಕಲಿತದ್ದು ಬಾಗಲಕೋಟೆ ಕಡೆಯ ಒಂದು ಹಳ್ಳಿಯಲ್ಲಿ, ಮೂರನೇ ಇಯತ್ತೆಯ ತನಕ. ಕನ್ನಡ ಓದುತ್ತೇನೆ, ಇಂಗ್ಲಿಷ್ ಅಕ್ಷರಗಳ ಆಕಾರ ಗೊತ್ತು, ಅಷ್ಟೇ. ಈ ಗಾಲಾಕ್ಕೆ ಬಂದದ್ದು ಕಸ ಹೊಡೆಯಲು. ಆಗ ಇಲ್ಲಿ ಹನ್ನೊಂದು ಜನ ದುಡಿಯುತ್ತಿದ್ದರು. ಕಸ ಹೊಡೆಯುತ್ತಿದ್ದವಳಿಗೆ ಅಚ್ಚು ಹಾಕುವ ಸ್ಕ್ರೀನಿನ ಚೌಕಟ್ಟು ಒರೆಸುವ ಕೆಲಸ ಬಂತು, ಆಮೇಲೆ ಕತ್ತರಿಸಿದ ವಿನೈಲ್ ಸ್ಟಿಕರಿನ ಬೇಡದ ಭಾಗ ಕೀಳುವುದು, ಆಮೇಲೆ ದೊಡ್ಡ ಮೆಷಿನ್ ಬಂದಾಗ ಅದರ ಇಂಕಿನ ತಟ್ಟೆ ತೊಳೆಯುವುದು, ಇಂಕು ಚಿಮ್ಮುವ ಹೆಡ್ ಒರೆಸುವುದು, ಹಲಗೆ ಏರಿಸಿ ಇಳಿಸುವುದು. ಹದಿನಾರು ವರ್ಷದಲ್ಲಿ ನನ್ನ ಕೆಲಸ ಹೆಚ್ಚುತ್ತ ಹೋಯಿತು, ಜನ ಕಡಿಮೆಯಾಗುತ್ತ ಹೋದರು. ಕೊನೆಗೆ ಉಳಿದದ್ದು ಮೂವರು: ಮಾಲೀಕ ಸೇಠ್, ಮೆಷಿನ್ ಆಪರೇಟರ್ ದಿನಕರ, ಮತ್ತು ನಾನು. ಸೇಠ್ ದಿನಕ್ಕೆ ಒಂದು ತಾಸು ಬಂದು ಹೋಗುತ್ತಿದ್ದರು.

ಆ ಮೆಷಿನ್ ಬಗ್ಗೆ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅದು ಯುವಿ ಪ್ರಿಂಟರ್. ಎಂಟು ಅಡಿ ಉದ್ದ ನಾಲ್ಕು ಅಡಿ ಅಗಲದ ಮೇಜು, ಅದರ ಮೇಲೆ ಅಕ್ರಿಲಿಕ್, ಗಾಜು, ಸನ್‌ಬೋರ್ಡ್, ಏನಿಟ್ಟರೂ ಅಚ್ಚು ಹಾಕುತ್ತದೆ. ಬೇರೆ ಪ್ರಿಂಟರಿನ ಇಂಕು ಗಾಳಿಗೆ ಒಣಗುತ್ತದೆ. ಇದರ ಇಂಕು ತಾನಾಗಿ ಒಣಗುವುದಿಲ್ಲ, ನೇರಳೆ ಬೆಳಕು ಬಿದ್ದ ಕ್ಷಣವೇ ಗಟ್ಟಿಯಾಗುತ್ತದೆ. ಅದಕ್ಕೆಂದು ಹೆಡ್ ಹೊತ್ತು ಅತ್ತಿಂದಿತ್ತ ಓಡಾಡುವ ಕ್ಯಾರಿಯೇಜಿನ ಎರಡೂ ಬದಿಗೆ ಒಂದೊಂದು ಯುವಿ ಲ್ಯಾಂಪ್ ಇರುತ್ತದೆ. ಈ ಲ್ಯಾಂಪುಗಳು ಕೆಂಡದ ಹಾಗೆ ಕಾಯುತ್ತವೆ. ಅವುಗಳ ಬೆನ್ನಿಗೆ ಸಣ್ಣ ಸಣ್ಣ ನಾಳಗಳಿದ್ದು, ಅದರಲ್ಲಿ ತಣ್ಣನೆಯ ನೀರು ಸುತ್ತುತ್ತಿರಬೇಕು. ಆ ನೀರಿಗೆ ಕೂಲಂಟ್ ಎನ್ನುತ್ತಾರೆ. ಮೂರು ಪಾಲು ಡಿಸ್ಟಿಲ್ಡ್ ವಾಟರ್, ಒಂದು ಪಾಲು ಗುಲಾಬಿ ಬಣ್ಣದ ಔಷಧ. ಮೆಷಿನ್ನಿನ ಹಿಂದೆ ಚಿಲ್ಲರ್ ಎಂಬ ಫ್ರಿಜ್ಜಿನ ಜಾತಿಯ ಪೆಟ್ಟಿಗೆ, ಅದರಲ್ಲಿ ಹನ್ನೆರಡು ಲೀಟರಿನ ಟ್ಯಾಂಕು, ಒಂದು ಪಂಪು. ನೀರು ಇಪ್ಪತ್ತೈದು ಡಿಗ್ರಿಯಲ್ಲಿ ಹೋಗಿ ಮೂವತ್ತರ ಒಳಗೆ ವಾಪಸು ಬರಬೇಕು. ಹರಿವು ಕಡಿಮೆಯಾದರೆ ಸೆನ್ಸರ್ ಕೂಗುತ್ತದೆ, ಲ್ಯಾಂಪ್ ಆರುತ್ತದೆ, ಮೆಷಿನ್ ನಿಲ್ಲುತ್ತದೆ. ಅಚ್ಚಿನ ನಡುವೆ ನಿಂತರೆ ಆ ಹಲಗೆ ಹೋಯಿತು ಎಂದೇ ಲೆಕ್ಕ, ಇಂಕು ಹಸಿಯಾಗಿ ಬೆರಳಿಗೆ ಅಂಟುತ್ತದೆ.

ಆಂಟಾಪ್ ಹಿಲ್‌ನ ನನ್ನ ಖೋಲಿಯಿಂದ ಹೊರಟು ಎಂಟಕ್ಕೆ ಗಾಲಾದ ಶಟರ್ ಎತ್ತುತ್ತಿದ್ದೆ. ಗಂಡ ತೀರಿ ಒಂಬತ್ತು ವರ್ಷವಾಗಿತ್ತು. ಮಗಳ ಮನೆ ಸೋಲಾಪುರದಲ್ಲಿ, ಮೊಮ್ಮಕ್ಕಳು ಫೋನಿನಲ್ಲಿ. ಅದಕ್ಕಾಗಿ ಅಳುತ್ತ ಕೂತವಳು ನಾನಲ್ಲ. ಆದರೆ ಬೆಳಿಗ್ಗೆ ಎದ್ದಾಗಿನಿಂದ ಹತ್ತು ಗಂಟೆಗೆ ದಿನಕರ ಬರುವ ತನಕ ನಾನು ಬಾಯಿ ತೆರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ದಿನಕರ ಉಡುಪಿ ಕಡೆಯವ. ಐವತ್ತರ ಆಸುಪಾಸು. ಎಳೆ ವಯಸ್ಸಿಗೇ ಮುಂಬಯಿಗೆ ಬಂದು, ಹೋಟೆಲಿನಲ್ಲಿ ಪ್ಲೇಟು ಎತ್ತಿ, ರಾತ್ರಿ ಶಾಲೆಗೆ ಹೋಗಿ, ಕಂಪ್ಯೂಟರ್ ಕಲಿತು ಈ ಕೆಲಸ ಹಿಡಿದವ. ಮಧ್ಯಾಹ್ನ ಇಬ್ಬರೂ ಪ್ಯಾಕಿಂಗ್ ಮೇಜಿನ ಮೇಲೆ ಡಬ್ಬಿ ಬಿಚ್ಚುತ್ತಿದ್ದೆವು.

"ಎಂತ ಅಕ್ಕ, ಇವತ್ತೂ ರೊಟ್ಟಿಯಾ? ಇದನ್ನು ಮೆಷಿನ್ ಮೇಲೆ ಇಟ್ರೆ ಪ್ರಿಂಟೇ ತೆಗೀಬಹುದು ಮಾರಾಯ್ತಿ. ಸ್ವಲ್ಪವೂ ಬೆಂಡ್ ಆಗುದಿಲ್ಲ."

"ತಗಿ ತಮ್ಮಾ, ತಗಿ. ನಿಮ್ಮ ಅನ್ನಾ ಉಣ್ಣಾಕ ಹಲ್ಲ ಬೇಕಾಗೂದಿಲ್ಲ. ಹಿಂಗಾಗಿ ನಿಮ್ಮ ಕಡೆಯವರಿಗೆ ಹಲ್ಲಿನ ಕಿಮ್ಮತ್ತ ಗೊತ್ತಿಲ್ಲ."

ದಿನವೂ ಇಂಥವೇ ಮಾತು. ಅದರಾಚೆಗೆ ಅವನ ಮನೆಯ ವಿಷಯ ನಾನು ಕೇಳಿದವಳಲ್ಲ, ನನ್ನದು ಅವನು ಕೇಳಿದವನಲ್ಲ.

ಮಳೆಗಾಲ ಹಿಡಿದು ಕೆಲವು ದಿನವಾಗಿತ್ತು. ಒಂದು ಬೆಳಿಗ್ಗೆ, ದಿನಕರ ಬರುವ ಮೊದಲು, ನಾನು ಮೆಷಿನ್ ಚಾಲೂ ಮಾಡಿದ ಕೂಡಲೇ ಚಿಲ್ಲರ್ ಪೀ ಪೀ ಎಂದಿತು. ಟ್ಯಾಂಕಿನ ನೀರು ಗೆರೆಗಿಂತ ಕೆಳಗಿತ್ತು. ಡಿಸ್ಟಿಲ್ಡ್ ವಾಟರಿನ ಕ್ಯಾನು ಖಾಲಿ. ಸೇಠ್‌ಗೆ ಫೋನ್ ಮಾಡಿದರೆ "ಕಲ್ ಆಯೇಗಾ" ಎಂದರು. ನಾಳೆ ಬರಲಿಲ್ಲ, ಮರುದಿನವೂ ಬರಲಿಲ್ಲ.

ಪ್ರಿಂಟರ್ ಇರುವ ಕೋಣೆಗೆ ಎ.ಸಿ. ಇದೆ. ಅದರ ಪೈಪಿನಿಂದ ತೊಟ್ಟಿಕ್ಕುವ ನೀರಿಗೆ ನಾನು ಬಕೆಟ್ ಇಟ್ಟಿದ್ದೆ. ಮಳೆಗಾಲದಲ್ಲಿ ದಿನಕ್ಕೆ ಒಂದು ಬಕೆಟ್ ತುಂಬುತ್ತದೆ. ನಮ್ಮ ಎಸ್ಟೇಟಿನಲ್ಲಿ ಈ ನೀರನ್ನು ಯಾರೂ ಚೆಲ್ಲುವುದಿಲ್ಲ. ಇನ್ವರ್ಟರ್ ಬ್ಯಾಟರಿಗೆ ಇದೇ ನೀರು, ಕೆಳಗಿನ ಗ್ಯಾರೇಜಿನವರು ಟೆಂಪೋ ಬ್ಯಾಟರಿಗೂ ಇದನ್ನೇ ಒಯ್ಯುತ್ತಾರೆ. ಡಿಸ್ಟಿಲ್ಡ್ ವಾಟರ್ ಆಗುವುದು ಹಬೆಯಿಂದ, ಎ.ಸಿ. ನೀರೂ ಗಾಳಿಯ ಹಬೆ ತಣ್ಣಗಾಗಿ ಆದದ್ದು. ಎರಡೂ ಒಂದೇ ಎಂದು ಎಲ್ಲರ ಹಾಗೆ ನಾನೂ ತಿಳಿದಿದ್ದೆ. ಆ ಮೊದಲ ಬೆಳಿಗ್ಗೆಯೇ ಒಂದು ಲೋಟ ಹಾಕಿದ್ದೆ, ಪೀ ಪೀ ನಿಂತಿತ್ತು.

ಆಮೇಲೆ ಅದು ದಿನದ ರೂಢಿಯಾಯಿತು. ಬೆಳಿಗ್ಗೆ ಟ್ಯಾಂಕು ನೋಡುವುದು, ಒಂದು ಲೋಟ ಎ.ಸಿ. ನೀರು ಹಾಕುವುದು. ದಿನಕರನಿಗೆ ಹೇಳಲಿಲ್ಲ. ಹೇಳುವಂಥ ದೊಡ್ಡ ಕೆಲಸ ಅನಿಸಲಿಲ್ಲ ಎಂಬುದು ಒಂದು ಕಾರಣ. ಇನ್ನೊಂದು, ಆ ಬೇಸಗೆಯಲ್ಲಿ ಸೇಠ್ ಎರಡು ಸಲ "ಶಾಂತಾಬಾಯಿ, ಅಬ್ ಆರಾಮ್ ಕರೋ" ಎಂದಿದ್ದರು, ಇನ್ನು ಮನೆಯಲ್ಲಿ ವಿಶ್ರಾಂತಿ ತಗೋ ಎಂದು. ಅದರ ಅರ್ಥ ಗೊತ್ತಾಗದಷ್ಟು ದಡ್ಡಿ ನಾನಲ್ಲ. ನಾನು ಇರುವ ಹೊತ್ತಿನಲ್ಲಿ ಮೆಷಿನ್ ಚಕಾರ ಎತ್ತಬಾರದು ಎಂದು ನನಗಿತ್ತು.

ಗಣಪತಿ ಹಬ್ಬ ಮುಗಿದ ಮೇಲೆ ಒಂದು ಆಸ್ಪತ್ರೆಯ ಕೆಲಸ ಬಂತು. ವಾರ್ಡು, ಲಿಫ್ಟು, ಎಕ್ಸ್‌ರೇ ಎಂದು ದಾರಿ ತೋರಿಸುವ ನೂರ ಅರವತ್ತು ಅಕ್ರಿಲಿಕ್ ಬೋರ್ಡು, ಮೂರು ವಾರದ ಗಡುವು. ಮೂವತ್ತನೆಯದೋ ಏನೋ ಅಚ್ಚಾಗುತ್ತಿದ್ದಾಗ ಸ್ಕ್ರೀನ್ ಕೆಂಪಾಯಿತು. ದಿನಕರ ಓದಿದ: "ಕೂಲಂಟ್ ಫ್ಲೋ ಲೋ, ಲ್ಯಾಂಪ್ ಟೂ." ಎರಡನೇ ಲ್ಯಾಂಪಿಗೆ ನೀರು ಸಾಲುತ್ತಿಲ್ಲ.

ಅವನು ಬಂದ್ ಮಾಡಿ ಚಾಲೂ ಮಾಡಿದ. ನಲವತ್ತು ನಿಮಿಷ ಓಡಿ ಮತ್ತೆ ನಿಂತಿತು. ನಾಳದಲ್ಲಿ ಗಾಳಿ ಸಿಕ್ಕಿಕೊಂಡಿರಬೇಕೆಂದು ಮೇಲಿನ ಸ್ಕ್ರೂ ಸಡಿಲಿಸಿ ಗಾಳಿ ಬಿಟ್ಟ. ಒಂದು ತಾಸು ಓಡಿ ನಿಂತಿತು. ಎರಡು ದಿನದಲ್ಲಿ ಹನ್ನೊಂದು ಬೋರ್ಡು ಹಾಳಾದವು. ಸೇಠ್ ಕಂಪನಿಯ ಸರ್ವಿಸ್ ಎಂಜಿನಿಯರನ್ನು ಕರೆಸಿದರು.

ಎಂಜಿನಿಯರ್ ಪ್ರಶಾಂತ ಧಾರವಾಡದವರ ಮಗ, ಹುಟ್ಟಿ ಬೆಳೆದದ್ದು ಡೊಂಬಿವಿಲಿಯಲ್ಲಿ. ಕನ್ನಡ ತಿಳಿಯುತ್ತದೆ, ಆಡುವಾಗ ಎಡವುತ್ತಾನೆ. ಬಂದವನೇ ಟ್ಯಾಂಕಿನಿಂದ ಒಂದು ಹನಿ ತೆಗೆದು ಒಂದು ಸಣ್ಣ ನಳಿಕೆಯ ಗಾಜಿಗೆ ಹಾಕಿ ಬೆಳಕಿಗೆ ಹಿಡಿದು ನೋಡಿದ. ಔಷಧ ಎಷ್ಟು ಪಾಲು ಇದೆ ಎಂದು ಅದರಲ್ಲಿ ಕಾಣುತ್ತದೆ. ನೂರಕ್ಕೆ ಇಪ್ಪತ್ತೈದು ಇರಬೇಕಾದದ್ದು ಏಳು ಇತ್ತು. ಎದ್ದು ನಿಂತು ಮೂವರನ್ನೂ ನೋಡಿ ಕೇಳಿದ:

"ಇಸ್‌ಮೇ ನಲ್ ಕಾ ಪಾನಿ ಕಿಸ್‌ನೆ ಡಾಲಾ?"

ಇದರಲ್ಲಿ ನಳದ ನೀರು ಹಾಕಿದ್ದು ಯಾರು ಎಂದು. "ನಾನಂತೂ ಹಾಕ್ಲಿಲ್ಲ" ಎಂದ ದಿನಕರ. ಸೇಠ್ ಗೋಡೆಯ ಹತ್ತಿರ ಹೋದರು. ಅಲ್ಲಿ ಚೆಕ್ ಶೀಟ್ ತೂಗುಹಾಕಿತ್ತು. ವಾರಕ್ಕೊಮ್ಮೆ ಕೂಲಂಟ್ ನೋಡಿ ಆಪರೇಟರ್ ಟಿಕ್ ಹಾಕಬೇಕು. ಹನ್ನೆರಡು ವಾರಕ್ಕೆ ಹನ್ನೆರಡು ಟಿಕ್, ಎಲ್ಲ ದಿನಕರನವು. ಅವನು ಸುಳ್ಳು ಟಿಕ್ ಹಾಕಿರಲಿಲ್ಲ. ಅವನು ನೋಡಿದಾಗಲೆಲ್ಲ ನೀರು ಗೆರೆಗೆ ಸರಿಯಾಗಿಯೇ ಇತ್ತು. ನಾನು ಇಟ್ಟಿದ್ದೆ.

ದಿನಕರ ನನ್ನ ಕಡೆ ತಿರುಗಿದ. "ಅಕ್ಕಾ, ನೀವು ಬೆಳಿಗ್ಗೆ ಇರ್ತೀರಲ್ಲ. ಯಾರಾದ್ರೂ ನಳ್ಳಿ ನೀರು ಹಾಕಿದ್ದು ನೋಡಿದ್ದುಂಟಾ?"

"ಇಲ್ಲ ತಮ್ಮಾ. ನಳದ ನೀರ ಯಾರೂ ಹಾಕಿಲ್ಲ" ಎಂದೆ.

ಮಾತು ನಿಜ. ನಳದ ನೀರು ಯಾರೂ ಹಾಕಿರಲಿಲ್ಲ. ಎ.ಸಿ. ನೀರಿನಿಂದ ಕೇಡಾಗುತ್ತದೆಂದು ಆಗ ನನಗೆ ಗೊತ್ತಿರಲಿಲ್ಲ ಎಂಬುದೂ ನಿಜ. ಆದರೆ ಏನೂ ಗೊತ್ತಿಲ್ಲದವಳು ಬಡಬಡ ಮಾತಾಡುತ್ತಾಳೆ. ನನಗೆ ಬಾಯಿ ಮುಚ್ಚಿಕೊಳ್ಳುವಷ್ಟು ಗೊತ್ತಿತ್ತು.

ಪ್ರಶಾಂತ ತನ್ನ ಸರ್ವಿಸ್ ವರದಿಯ ಕಾಗದದಲ್ಲಿ ಆಪರೇಟರ್ ತಪ್ಪು ಎಂದು ಬರೆದ. ಟ್ಯಾಂಕು ಖಾಲಿ ಮಾಡಿ, ಒಂದು ಸಲ ತೊಳೆದು, ಹೊಸ ಕೂಲಂಟ್ ತುಂಬಿದ. ಸೇಠ್ ದಿನಕರನಿಗೆ ನಾಳೆಯಿಂದ ಬರಬೇಡ ಎಂದರು. ದೊಡ್ಡ ಜಗಳವೇನೂ ಆಗಲಿಲ್ಲ. ಅವನು ತನ್ನ ಚಪ್ಪಲಿ, ಡಬ್ಬಿ, ಕನ್ನಡಕದ ಪೆಟ್ಟಿಗೆ ತೆಗೆದುಕೊಂಡ. ಹೋಗುವಾಗ ನನಗೆ, "ಹೆಡ್ ಒರೆಸುವ ಬಟ್ಟೆ ಮುಗೀತಾ ಬಂತು ಅಕ್ಕ, ತರಿಸ್ಲಿಕ್ಕೆ ಹೇಳಿ" ಎಂದ.

ಮರುದಿನ ಸೇಠ್ ಬಂದು ಫೈಲು ತೆರೆಯುವುದು, ಹಲಗೆಯ ದಪ್ಪ ಹಾಕುವುದು, ಹಸಿರು ಗುಂಡಿ ಒತ್ತುವುದು ಎಲ್ಲ ನನಗೆ ತೋರಿಸಿದರು. ಅದನ್ನು ನಾನು ದಿನಕರನ ಪಕ್ಕದಲ್ಲಿ ನಿಂತು ನೂರಾರು ಸಲ ನೋಡಿದ್ದೆ. ಹೊಸ ಆಪರೇಟರ್ ಸಿಗುವ ತನಕ ನೀನೇ ಓಡಿಸು ಎಂದು ಅವರು ಹೋದರು.

ಅಂದಿನಿಂದ ನಾನು ಮತ್ತು ಮೆಷಿನ್. ಕ್ಯಾರಿಯೇಜ್ ಅತ್ತ ಹೋಗುತ್ತದೆ, ಇತ್ತ ಬರುತ್ತದೆ. ಒಂದು ಬೋರ್ಡಿಗೆ ಅರ್ಧ ತಾಸು. ಇಳಿಸಿ ಇನ್ನೊಂದು ಏರಿಸುವುದು. ಮಧ್ಯಾಹ್ನ ಪ್ಯಾಕಿಂಗ್ ಮೇಜಿಗೆ ಹೋಗದೆ ಮೆಷಿನ್ ಹತ್ತಿರವೇ ನಿಂತು ತಿನ್ನುತ್ತಿದ್ದೆ. ಕುಳಿತರೆ ಎದುರಿಗೆ ಖಾಲಿ ಸ್ಟೂಲು. ಸಂಜೆ ಶಟರ್ ಎಳೆದು ಖೋಲಿಗೆ ಬಂದರೆ ಇಡೀ ದಿನ ಯಾರೊಂದಿಗೂ ಮಾತಾಡಿಲ್ಲ ಎಂದು ನೆನಪಾಗುತ್ತಿತ್ತು. ಟ್ಯಾಂಕಿನ ನೀರು ಮಾತ್ರ ಮೊದಲಿನ ಹಾಗೇ ಇಳಿಯುತ್ತಿತ್ತು, ನಾನು ಮೊದಲಿನ ಹಾಗೇ ಒಂದು ಲೋಟ ಹಾಕುತ್ತಿದ್ದೆ. ನಳದ ನೀರಲ್ಲವಲ್ಲ.

ಒಂಬತ್ತನೇ ದಿನ ಸ್ಕ್ರೀನ್ ಮತ್ತೆ ಕೆಂಪಾಯಿತು.

ಕಂಡ ಅಕ್ಷರಗಳನ್ನು ಚಿತ್ರ ಬರೆದ ಹಾಗೆ ಒಂದು ರಟ್ಟಿನ ಮೇಲೆ ಬರೆದುಕೊಂಡೆ. ಸ್ಕ್ರೀನ್ ಆರಿದರೂ ಅದು ಉಳಿಯಲಿ ಎಂದು. ಫೋಟೋ ತೆಗೆದು ಪ್ರಶಾಂತನಿಗೆ ಕಳಿಸಿದೆ. ಅವನು ಪುಣೆಯಲ್ಲಿ ಬೇರೆ ಮೆಷಿನ್ ಬಿಚ್ಚಿ ಕೂತಿದ್ದ, ಮೂರು ದಿನ ಬರುವಂತಿಲ್ಲ. ಸೇಠ್‌ಗೆ ಹೇಳಿದಾಗ ಅವರು, ಈ ಬೋರ್ಡು ಹೊತ್ತಿಗೆ ಮುಗಿಯದಿದ್ದರೆ ಮೆಷಿನ್ ಮಾರಿ ಗಾಲಾ ಬಿಟ್ಟುಬಿಡುತ್ತೇನೆ ಎಂದರು. ಅವರು ಹೆದರಿಸಲು ಹೇಳುವವರಲ್ಲ. ಇನ್ನೂ ಐವತ್ತೆಂಟು ಬೋರ್ಡು ಬಾಕಿ ಇತ್ತು.

ಒಂದು ಮಾತು ಆಗಲೇ ನನ್ನ ತಲೆಯಲ್ಲಿ ಕೊರೆಯತೊಡಗಿತ್ತು. ದಿನಕರ ಗಾಲಾದಲ್ಲಿಲ್ಲ. ಆದರೂ ಅದೇ ಎರರ್. ಹಾಗಾದರೆ ಇದನ್ನು ಮಾಡುತ್ತಿರುವವರು ಯಾರು?

ಪ್ರಶಾಂತ ಫೋನಿನಲ್ಲಿ ಹೇಳುತ್ತ ಹೋದ, ನಾನು ಮಾಡುತ್ತ ಹೋದೆ.

"ಆಂಟಿ, ಪಂಪ್‌ದು ಆವಾಜ್ ಹೇಗಿದೆ?"

ಸ್ಕ್ರೂಡ್ರೈವರಿನ ತುದಿ ಪಂಪಿಗಿಟ್ಟು ಹಿಡಿಯನ್ನು ಕಿವಿಗೊತ್ತಿ ಕೇಳಿದೆ. ಒಂದೇ ಸಮ ಗುಂಯ್ ಎನ್ನುತ್ತಿತ್ತು, ಕರಕರ ಇಲ್ಲ. "ಪಂಪ್ ಚೊಲೋ ಐತಿ" ಎಂದೆ.

"ಈಗ ರಿಟರ್ನ್ ಪೈಪ್, ಎರಡೂ, ಕೈಯಿಂದ ಮುಟ್ಟಿ."

ಒಂದನೇ ಲ್ಯಾಂಪಿನಿಂದ ಬರುವ ಪೈಪು ಉಗುರುಬೆಚ್ಚಗಿತ್ತು. ಎರಡನೆಯದು ಕೈ ಇಡಗೊಡಲಿಲ್ಲ. ಅಂದರೆ ಎರಡನೇ ಲ್ಯಾಂಪಿನ ದಾರಿಯಲ್ಲಿಯೇ ಅಡ್ಡಿ. ಕರೆಂಟು ತೆಗೆದು, ಕ್ಯಾರಿಯೇಜನ್ನು ಕೈಯಿಂದ ದೂಡುತ್ತ ಪೈಪಿನ ಉದ್ದಕ್ಕೂ ಬೆರಳಾಡಿಸಿದೆ. ಎಲ್ಲೂ ಮಡಚಿರಲಿಲ್ಲ. ಆಮೇಲೆ ಫಿಲ್ಟರ್. ಎರಡು ವಾಲ್ವು ಮುಚ್ಚಿ ಬಟ್ಟಲು ಬಿಚ್ಚಿದರೆ ಒಳಗಿನ ಜಾಲರಿಗೆ ಕಂದು ಬಣ್ಣದ ಲೋಳೆ ಮೆತ್ತಿಕೊಂಡಿತ್ತು, ನೆನೆಸಿಟ್ಟ ಕಾಮಕಸ್ತೂರಿ ಬೀಜದ ಹಾಗೆ. ತೊಳೆದು ಹಾಕಿದೆ. ಎರಡು ತಾಸು ಓಡಿತು, ನಿಂತಿತು.

ಮರುದಿನ ಎರಡೂ ಲ್ಯಾಂಪಿನ ರಿಟರ್ನ್ ಪೈಪು ಬಿಚ್ಚಿ ಅಳತೆಯ ಜಗ್ಗಿಗೆ ಬಿಟ್ಟೆ. ಲ್ಯಾಂಪು ಆರಿಸಿ ಪಂಪು ಮಾತ್ರ ಒಂದು ನಿಮಿಷ ಚಾಲೂ. ಒಂದನೆಯದರಿಂದ ಎರಡೂವರೆ ಲೀಟರ್ ಬಂತು. ಎರಡನೆಯದರಿಂದ ಮುಕ್ಕಾಲು ಲೀಟರೂ ಇಲ್ಲ. ಪ್ರಶಾಂತ ಹೇಳಿದಂತೆ ಕಂಪ್ರೆಸರಿನ ಗಾಳಿ ತೀರ ಸಣ್ಣಗೆ ಇಟ್ಟು ಹಿಂದಿನಿಂದ ಊದಿದೆ. ಮೂರನೇ ಸಲಕ್ಕೆ ಹೆಬ್ಬೆರಳಿನಷ್ಟು ಪಾಚಿಯ ಮುದ್ದೆ ಬಕೆಟಿಗೆ ಬಿತ್ತು. ಅದರ ಫೋಟೋ ಕಳಿಸಿದೆ.

ಫೋನ್ ಬಂತು. "ಆಂಟಿ, ಇದು ಒಂಬತ್ತು ದಿನದ್ದು ಅಲ್ಲ. ಮೊದಲಿಂದು. ನಾನು ತೊಳೆದೆ, ಆದ್ರೆ ಜಲ್ದಿ ಜಲ್ದಿ ಮಾಡಿದೆ, ಒಳಗೆ ಉಳೀತು. ಔಷಧ ತಾಗಿ ಈಗ ಬಿಚ್ಕೊಂಡು ಬಂತು. ನೀವು ಮತ್ತೆ ಏನಾದ್ರೂ ಹಾಕಿದ್ರಾ ಟ್ಯಾಂಕಲ್ಲಿ?"

"ದಿನಾ ಒಂದ ಲೋಟ ನೀರ."

"ಯಾವ ನೀರು?"

ಅವನು ಸಿಟ್ಟಿನಿಂದ ಕೇಳಲಿಲ್ಲ, ಸುಮ್ಮನೆ ಕಾದ. ಇಂಥ ಪ್ರಶ್ನೆಯನ್ನೇ ಮೊದಲ ದಿನ ಯಾರಾದರೂ ಕೇಳಿದ್ದರೆ ಎಂದು ಅನಿಸಿತು. ಅದು ನೆಪ. ಕೇಳದಿದ್ದರೂ ಹೇಳಬಹುದಿತ್ತು.

"ಎ.ಸಿ. ನೀರ" ಎಂದೆ. "ಯಾವಾಗಿಂದ ಅಂದ್ರ, ಮಳಿ ಹತ್ತಿದಾಗಿಂದ."

"ಎ.ಸಿ. ಕಾ ಪಾನಿ! ಅಯ್ಯೋ ಅಜ್ಜೀ!" ಆಂಟಿ ಇದ್ದವಳು ಅಜ್ಜಿಯಾದೆ. ನಗು ನಿಂತ ಮೇಲೆ ಅವನು ಬಿಡಿಸಿ ಹೇಳಿದ. ಎ.ಸಿ. ನೀರು ಹಬೆಯಿಂದ ಆದದ್ದೇ, ಆದರೆ ಅದು ಹರಿದು ಬರುವುದು ಎ.ಸಿ.ಯ ಒಳಗಿನ ಧೂಳು, ಬೂಷ್ಟಿನ ಮೇಲಿನಿಂದ. ಕಣ್ಣಿಗೆ ತಿಳಿ, ಒಳಗೆ ಪಾಚಿಯ ಬೀಜ. ಕೂಲಂಟಿನ ಔಷಧ ತಕ್ಕಷ್ಟು ಇದ್ದರೆ ಆ ಬೀಜ ಸಾಯುತ್ತದೆ. ದಿನಕ್ಕೊಂದು ಲೋಟ ಸೇರಿ ಸೇರಿ ಔಷಧ ತೆಳ್ಳಗಾದರೆ, "ಆಮೇಲೆ ಅದು ದವಾ ಅಲ್ಲ, ಖಾನಾ. ತಿಂದು ಬೆಳೀತದೆ."

ಮತ್ತೆ ಅವನೇ ಕೇಳಿದ: "ಆದ್ರೆ ದಿನಾ ಒಂದು ಲೋಟ ಎಲ್ಲಿ ಹೋಗ್ತಾ ಇದೆ?"

ಮೂರು ತಿಂಗಳು ಸುರಿದವಳಿಗೆ ಈ ಪ್ರಶ್ನೆ ಒಮ್ಮೆಯೂ ಬಂದಿರಲಿಲ್ಲ. ಇಳಿದರೆ ತುಂಬಬೇಕು, ಅಷ್ಟೇ ಗೊತ್ತು. ಮನೆಯ ಕೊಡ ಸೋರಿದರೆ ತಳ ನೋಡುತ್ತಿದ್ದೆ.

ಹೆಡ್ ಒರೆಸುವ ಬಿಳಿ ಟಿಶ್ಯೂವನ್ನು ಪೈಪಿನ ಪ್ರತಿ ಜಾಯಿಂಟಿಗೂ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದೆ, ಒಟ್ಟು ಹದಿನಾಲ್ಕು ಕಡೆ. ಎರಡು ತಾಸಿನ ನಂತರ ಹದಿಮೂರು ಒಣಗಿದ್ದವು, ಒಂದಕ್ಕೆ ಗುಲಾಬಿ ಕಲೆ. ಕ್ಯಾರಿಯೇಜಿನ ತಳದ ಜಾಯಿಂಟು. ಕ್ಯಾರಿಯೇಜ್ ನಿಲ್ಲುವ ಜಾಗದ ಕೆಳಗೆ ವೇಸ್ಟ್ ಇಂಕಿನ ಟ್ರೇ ಇದೆ. ಹನಿಗಳು ಬಿದ್ದದ್ದು ಆ ಕರಿ ನೀರಿನಲ್ಲಿ. ಆ ಟ್ರೇಯನ್ನು ದಿನಾ ಸಂಜೆ ಚೆಲ್ಲುತ್ತಿದ್ದವಳೂ ನಾನೇ.

ಪುಣೆಯಿಂದ ಪ್ರಶಾಂತ ಬಂದು ಜಾಯಿಂಟಿನ ರಬ್ಬರ್ ರಿಂಗು ಬದಲಿಸಿದ. ಪಾಚಿ ಕೊಲ್ಲುವ ದ್ರವ ಹಾಕಿ ಮೂರು ಸಲ ತೊಳೆದು, ಹೊಸ ಕೂಲಂಟ್ ತುಂಬಿ, ಗಾಳಿ ಬಿಟ್ಟ. ಎರಡನೇ ಲ್ಯಾಂಪಿನಿಂದಲೂ ನಿಮಿಷಕ್ಕೆ ಎರಡೂವರೆ ಲೀಟರ್ ಬಂತು. ಆಮೇಲೆ ಕಾಗದ ತೆಗೆದು ಪೆನ್ನು ಹಿಡಿದುಕೊಂಡು ನನ್ನ ಮುಖ ನೋಡಿದ.

"ಆಂಟಿ, ಏನು ಬರೀಲಿ? ಹಿಂದಿನದರಲ್ಲಿ ಆಪರೇಟರ್ ಅಂತ ಬರೆದಾಯ್ತು. ಅವರು ಹೇಗೂ ಹೋದ್ರು. ಈಗ ಬರೇ ಲೀಕೇಜ್ ಅಂತ ಬರೆದ್ರೂ ನಡೀತದೆ."

ಕೂಡಲೇ ಉತ್ತರ ಕೊಟ್ಟೆ ಎಂದರೆ ಸುಳ್ಳಾಗುತ್ತದೆ. ಈ ಕೆಲಸ ಹೋದರೆ ನನಗೆ ಹೋಗಲು ಒಂದು ಜಾಗವಿಲ್ಲ ಎಂಬುದನ್ನು ಎರಡು ಸಲ ಯೋಚಿಸಿದೆ. ಒಂದು ಬೋರ್ಡು ಇಳಿಸಿ ಇನ್ನೊಂದು ಏರಿಸಿದೆ.

"ನನ್ನ ಹೆಸರ ಬರಿ" ಎಂದೆ. "ಎ.ಸಿ. ನೀರ ಹಾಕಿದಾಕಿ ಶಾಂತವ್ವ. ಆಪರೇಟರಂದು ಏನೂ ತಪ್ಪಿಲ್ಲ. ಅದನ್ನೂ ಬರಿ."

ಸೇಠ್ ಸಂಜೆ ಬಂದು ಆ ಕಾಗದ ಓದಿದರು. ನಾನು ನನ್ನ ಚೀಲ ಮೊದಲೇ ತುಂಬಿಟ್ಟಿದ್ದೆ. ಅವರು ಓದಿ ಮುಗಿಸಿ ಕೇಳಿದ್ದು ಒಂದೇ, "ಮಶೀನ್ ಚಲ್ ರಹೀ ಹೈ ನಾ?"

"ಚಲ್ ರಹೀ ಹೈ," ಓಡುತ್ತಿದೆ ಎಂದೆ.

"ಬಸ್." ಕಾಗದ ಮಡಚಿ ಜೇಬಿಗಿಟ್ಟರು. ಮೆಷಿನ್ ನಿನ್ನ ಕೈಗೆ ಬಂದಿದೆ, ಇನ್ನು ಆಪರೇಟರ್ ಹುಡುಕುವುದಿಲ್ಲ, ನೀನೇ ಓಡಿಸು ಎಂದರು. ಬೈಗುಳ ತಿನ್ನಲು ನಿಂತವಳಿಗೆ ದಿನಕರನ ಕುರ್ಚಿ ಕೊಟ್ಟರು. ಆ ಕ್ಷಣ ನನಗೆ ಬೈದಿದ್ದರೇ ಚೆನ್ನಾಗಿತ್ತು ಅನಿಸಿತು.

"ದಿನಕರ್ ಕೋ ಬುಲಾವೋ ಸೇಠ್. ಅವಂದೇನೂ ತಪ್ಪಿಲ್ಲ. ಅವ ಬರಲಿಲ್ಲಂದ್ರ ನಾನೂ ಬರೂದಿಲ್ಲ." ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಹೇಳಿದೆ. ಅವರಿಗೆ ತಿಳಿಯಿತು. ನೀನೇ ಹೋಗಿ ಕರೆ, ಬಂದರೆ ಇಟ್ಟುಕೊಳ್ಳುತ್ತೇನೆ ಎಂದರು.

ರವಿವಾರ ಬಸ್ ಹಿಡಿದು ಬೈಕುಲ್ಲಾಕ್ಕೆ ಹೋದೆ. ದಿನಕರ ಅಲ್ಲಿ ತನ್ನ ಭಾವನ ಹೋಟೆಲಿಗೆ ಸೇರಿದ್ದ. ಮಧ್ಯಾಹ್ನದ ಊಟದ ಗಲಾಟೆ ಇಳಿದಿತ್ತು. ಅವನು ಕೈಯಲ್ಲಿ ಬಟ್ಟೆ ಹಿಡಿದು ಮೇಜು ಒರೆಸುತ್ತಿದ್ದ.

"ಓ ಅಕ್ಕ! ಎಂತ ಈ ಕಡೆ? ಬನ್ನಿ ಬನ್ನಿ, ಕೂತ್ಕೊಳ್ಳಿ. ಮೆಷಿನ್ ಹೇಗುಂಟು?"

ಚಹಾ ತಂದಿಟ್ಟು ಎದುರಿಗೆ ಕೂತ. ನಾನು ಸುತ್ತಿ ಬಳಸಿ ಹೇಳಲಿಲ್ಲ. ಎ.ಸಿ. ನೀರು, ದಿನಕ್ಕೊಂದು ಲೋಟ, ಪಾಚಿ, ಕಾಗದದಲ್ಲಿ ಬರೆಸಿದ್ದು, ಸೇಠ್ ವಾಪಸು ಕರೆದದ್ದು, ಎಲ್ಲವನ್ನೂ ಒಂದರ ಹಿಂದೊಂದು ಹೇಳಿದೆ. ಅವನು ಮೇಜಿನ ಮೇಲಿನ ನೀರಿನ ಗುರುತನ್ನು ಒರೆಸಿದ. ಒಣಗಿದ ಮೇಲೂ ಒರೆಸುತ್ತಿದ್ದ.

"ಆವತ್ತು ನಾನು ನಿಮ್ಮನ್ನೇ ಕೇಳಿದ್ದಲ್ವಾ ಅಕ್ಕ?"

"ಕೇಳಿದ್ದಿ."

"ಯಾರೂ ಹಾಕ್ಲಿಲ್ಲ ಅಂತ ಹೇಳಿದ್ರಿ."

"ಹೇಳ್ದೆ."

"ನಾನು ಅದನ್ನು ನಂಬಿದ್ದು ಅಕ್ಕ. ಯಾರೂ ಹಾಕ್ಲಿಲ್ಲ ಅಂದ್ಮೇಲೆ ಮತ್ತೆ ಯಾರು? ನಾನೇ ಹಾಕಿ ಮರೆತೆನಾ ಅಂತ ಎಣಿಸ್ಲಿಕ್ಕೆ ಶುರು ಮಾಡಿದೆ. ಎಷ್ಟು ದಿನದಿಂದ ನನಗೆ ನನ್ನ ತಲೆ ಮೇಲೇ ಡೌಟು. ಇಲ್ಲಿ ಗ್ಯಾಸ್ ಬಂದ್ ಮಾಡಿ, ಬಂದ್ ಮಾಡಿದ್ದೇನಾ ಅಂತ ಮೂರು ಸಲ ಹೋಗಿ ನೋಡುದು. ಭಾವ ನಗ್ತಾರೆ."

ಕೆಲಸ ಕಳೆದದ್ದಕ್ಕೆ ಅವನು ಸಿಟ್ಟಾಗಬಹುದು ಎಂದು ತಯಾರಾಗಿ ಹೋಗಿದ್ದೆ. ಇದಕ್ಕೆ ತಯಾರಾಗಿರಲಿಲ್ಲ.

"ತಪ್ಪಾತು ತಮ್ಮಾ. ನಾಳಿಂದ ಬಾ" ಎಂದೆ.

"ಇಲ್ಲ ಅಕ್ಕ." ಎದ್ದು ನಿಂತ. "ಇಲ್ಲಿ ಗ್ಲಾಸು ಒಡೆದ್ರೆ ಬೈತಾರೆ. ಆದ್ರೆ ಒಡೆದದ್ದು ಯಾರು ಅಂತ ಹತ್ತು ಜನಕ್ಕೆ ಕಾಣ್ತದೆ. ನನಗೆ ಈಗ ಅಷ್ಟು ಸಾಕು."

ಯಾರೋ ಗಿರಾಕಿ ಕರೆದರು. ಅವನು ಹೋದ, ತಿರುಗಿ ನನ್ನ ಮೇಜಿಗೆ ಬರಲಿಲ್ಲ. ನಾನು ಚಹಾ ಕುಡಿದು ಮುಗಿಸಿ ಎದ್ದೆ. ಬಾಗಿಲ ತನಕ ಬಂದು ನೋಡಿದಾಗ ಅವನು ಬೆನ್ನು ಮಾಡಿ ಆರ್ಡರ್ ಕೂಗುತ್ತಿದ್ದ, ದನಿ ಮೊದಲಿನ ಹಾಗೇ ಇತ್ತು.

ಅವನು ಬಾರದಿದ್ದರೆ ನಾನೂ ಬರುವುದಿಲ್ಲ ಎಂದಿದ್ದೆನಲ್ಲ. ಸೋಮವಾರ ಎಂಟಕ್ಕೆ ಶಟರ್ ಎತ್ತಿದೆ. ಮಾತಿಗೆ ನಿಲ್ಲುವುದು ಅಷ್ಟು ಸುಲಭವಲ್ಲ. ಬೋರ್ಡುಗಳು ಗಡುವಿಗೆ ಒಂದು ದಿನ ಮೊದಲೇ ಮುಗಿದವು. ಆಸ್ಪತ್ರೆಯವರು ಬಂದು ಒಯ್ದರು.

ಈಗ ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಆಪರೇಟರ್ ಎಂದಿದೆ. ಗಾಲಾದಲ್ಲಿ ಇಡೀ ದಿನ ನಾನೊಬ್ಬಳೇ. ಟ್ಯಾಂಕಿನ ಪಕ್ಕ ಒಂದು ವಹಿ ಕಟ್ಟಿದ್ದೇನೆ, ಯಾವ ದಿನ ಏನು ಹಾಕಿದೆ ಎಂದು ಕನ್ನಡದಲ್ಲಿ ಬರೆಯುತ್ತೇನೆ. ಓದುವವರು ಯಾರೂ ಇಲ್ಲ. ದಿನಕರನಿಗೆ ಹಬ್ಬಕ್ಕೆ ಎರಡು ಸಲ ಫೋನ್ ಮಾಡಿದೆ. ಎತ್ತಿದ, ಚೆನ್ನಾಗಿದ್ದೀರಾ ಎಂದ, ಇಟ್ಟ.

ಪ್ರಶಾಂತ ನನ್ನ ನಂಬರನ್ನು ಬೇರೆ ಗಾಲಾದವರಿಗೂ ಕೊಟ್ಟಿದ್ದಾನೆ. ಅವನು ದೂರ ಇದ್ದಾಗ ಅಂಧೇರಿಯಿಂದ, ಭಿವಂಡಿಯಿಂದ ಫೋನ್ ಬರುತ್ತದೆ, ಕೂಲಂಟ್ ಎರರ್ ಬಂದಿದೆ ಶಾಂತಾಬಾಯಿ, ಏನು ಮಾಡಲಿ ಎಂದು. ಪಂಪು, ಪೈಪು, ಫಿಲ್ಟರ್ ಎಲ್ಲ ಆಮೇಲೆ. ಮೊದಲು ನಾನು ಕೇಳುವುದು, ಟ್ಯಾಂಕಿಗೆ ಏನು ಹಾಕಿದ್ದೀರಿ ಎಂದು. ಯಾರೇ ಇರಲಿ, ಮೊದಲ ಉತ್ತರ ಒಂದೇ: "ಕುಛ್ ನಹೀ ಡಾಲಾ." ಏನೂ ಹಾಕಿಲ್ಲ. ನಾನು ಬೈಯುವುದಿಲ್ಲ, ಮತ್ತೆ ಕೇಳುವುದೂ ಇಲ್ಲ. ಫೋನು ಕಿವಿಗೆ ಹಿಡಿದು ಸುಮ್ಮನೆ ಇರುತ್ತೇನೆ. ಆ ಕಡೆ ಚಿಲ್ಲರಿನ ಪೀ ಪೀ ಕೇಳುತ್ತಿರುತ್ತದೆ. ಸ್ವಲ್ಪ ಹೊತ್ತು ಬೇಕು ಅವರಿಗೆ. ಆಮೇಲೆ ಹೇಳುತ್ತಾರೆ.